ಆ ಒಂದು ಹೆಸರು ಬಿಡಿ, ಮೇಸ್ತ್ರಿ

ಅಯ್ಯೋ, ಬೇಡಿ ಮೇಸ್ತ್ರಿ! ಆ ಉಳಿ ಕೆಳಗಿಡಿ... ಸುತ್ತಿಗೆಯನ್ನೂ ಇಡಿ. ನಾನು ಹೇಳೋದು ಪೂರ್ತಿ ಕೇಳಿ, ಆಮೇಲೆ ನಿಮ್ಮ ಕೆಲಸ ನಿಮ್ಮದು. ಯುದ್ಧಕ್ಕೆ ಹೋಗಿ ಸತ್ತ ಊರ ಹುಡುಗರ ಹೆಸರನ್ನೆಲ್ಲ ಎಷ್ಟು ಆಳಕ್ಕೆ ಬೇಕಾದರೂ ಕೆತ್ತಿ. ಆ ಒಂದನ್ನು ಬಿಡಿ. ಸೀಮೆಸುಣ್ಣದಲ್ಲಿ ಬರೆದೂಬಿಟ್ಟಿದ್ದೀರಲ್ಲ... ರೂಬೆನ್ ಹ್ಯಾಲೆಟ್! ನನಗೆ ಓದಲು ಬರೋದು ಆ ಎರಡು ಪದ ಮಾತ್ರ. ಅವನೇ ಕಲಿಸಿದ್ದು. ಒರೆಸಿಬಿಡಿ. ಇಲ್ಲವೇ ಆ ಬಟ್ಟೆ ಕೊಡಿ ಇತ್ತ, ನಾನೇ ಒರೆಸ್ತೀನಿ.

ಯಾಕೆ ಹಾಗೆ ನೋಡ್ತೀರಿ? ಗುರುತು ಸಿಗಲಿಲ್ಲವೇ? ನಿನ್ನೆ ಕುಡಿಯೋಕೆ ಸೇಬಿನ ಸೈಡರು, ತಿನ್ನೋಕೆ ರೊಟ್ಟಿ ತಂದುಕೊಟ್ಟೆನಲ್ಲ, ಅದೇ ಮರ್ಸಿ. ಚರ್ಚಿನ ಈ ಗೋಡೆಯಾಚೆಗೇ ಮನೆ. ರೂಬೆನ್ ನನ್ನ ಮಗ. ನಿನ್ನೆಯೇ ಹೇಳಬೇಕು ಅಂತ ಬಂದಿದ್ದೆ... ರೊಟ್ಟಿ ಇಟ್ಟು ಓಡಿಬಿಟ್ಟೆ.

ಪಾದ್ರಿಗಳನ್ನು ಕೇಳಿಯೇ ಬಂದಿದ್ದೀನಿ ಮತ್ತೆ. ‘ಮರ್ಸಿ, ಮಗ ಬದುಕಿದ್ದಾನೆ ಅಂತ ತಾಯಿ ನೀನು ಮೇಸ್ತ್ರಿಯೆದುರು ನಿಂತು ಹೇಳು, ಅವರು ಬಿಡ್ತಾರೆ’ ಅಂದರು. ಇಗೋ, ನಿಂತಿದ್ದೀನಿ. ಬದುಕಿದ್ದಾನೆ. ಕೇಳಿಸ್ತಲ್ಲ? ಸಾಕಲ್ಲ?

ಮತ್ತೆ ಯಾಕೆ ಒರೆಸ್ತಿಲ್ಲ?

ಸರ್ಕಾರದವರು ಹೇಳಿದ್ದು ಕಾಣೆಯಾಗಿದ್ದಾನೆ ಅಂತ. ಸತ್ತ ಅಂತ ಅಲ್ಲ. ಕಾಣೆಯಾದದ್ದು ಸಿಗೋದೇ ಇಲ್ಲವೇ? ಚಿಕ್ಕಂದಿನಲ್ಲಿ ಎಷ್ಟು ಸಲ ಕಾಣೆಯಾಗಿದ್ದ ಅವನು! ಒಂದು ಸಲ ಹುಲ್ಲಿನ ಬಣವೆ ಮೇಲೆ ನಿದ್ದೆ ಹೋಗಿಬಿಟ್ಟಿದ್ದ. ಊರೆಲ್ಲ ಲಾಟೀನು ಹಿಡಿದು ಹುಡುಕ್ತಾ ಇದ್ದರೆ, ಇವನು ಕಣ್ಣುಜ್ಜಿಕೊಂಡು ಇಳಿದು ಬಂದು, ‘ಅಮ್ಮಾ, ಯಾರನ್ನು ಹುಡುಕ್ತಿದ್ದೀರಿ? ನಾನೂ ಬರಲಾ?’ ಅಂತಾನೆ! ... ಹೂಂ, ನಗಿ, ನಗಿ. ಆವತ್ತು ಎಲ್ಲರೂ ನಕ್ಕಿದ್ದರು, ಅವರಪ್ಪನೊಬ್ಬರನ್ನು ಬಿಟ್ಟು. ಅವರಪ್ಪ ಮಗನನ್ನು ಹೆಗಲ ಮೇಲೆ ಕೂರಿಸಿಕೊಂಡು ಮನೆವರೆಗೂ ಅತ್ತರು.

ಈ ಕಲ್ಲಿಗಾಗಿ ಏನೇನು ಜಗಳ ಆಯಿತು ಗೊತ್ತೇ ನಿಮಗೆ? ದೊಡ್ಡಮನೆ ಅಮ್ಮನವರ ಮಗ ಕ್ಯಾಪ್ಟನ್ನು. ಮನೆತನದ ಹೆಸರಿನ ಮೊದಲಕ್ಷರದ ಸಾಲು ಹಿಡಿದರೆ ದನ ಕಾಯೋ ಟೆಡ್ ಬಾರ್ನೆಟ್ಟನ ಕೆಳಗೆ ಬಂದುಬಿಟ್ಟ. ಅಮ್ಮನವರ ಮುಖ ದುಮ್ಮಗಾಯಿತು. ಟೆಡ್ಡನ ಅಜ್ಜಿ ಬಿಡ್ತಾಳೆಯೇ? ‘ತಾಯೀ, ನಮ್ಮ ಹುಡುಗ ಜೀವಮಾನವಿಡೀ ನಿಮ್ಮ ದನದ ಹಿಂದೆ ನಡೆದ. ಈಗೊಂದು ಸಲ ನಿಮ್ಮ ಮಗನ ಮುಂದೆ ನಿಲ್ಲಲಿ ಬಿಡಿ’ ಅಂದುಬಿಟ್ಟಳು! ಪಾದ್ರಿಗಳು ಕರವಸ್ತ್ರದಿಂದ ಮುಖ ಮುಚ್ಚಿಕೊಂಡರು. ನಗುವೋ ಅಳುವೋ, ದೇವರೇ ಬಲ್ಲ. ಅಷ್ಟು ಜನ ಜಾಗ ಬೇಕು ಅಂತ ಬಡಿದಾಡಿದರು, ನಾನೊಬ್ಬಳು ಬೇಡ ಅಂತಿದ್ದೀನಿ. ಕಷ್ಟವೇ ನಿಮಗೆ? ನಿಮ್ಮ ತೋಳಿಗೂ ಅಷ್ಟು ವಿಶ್ರಾಂತಿ.

ನನಗೋಸ್ಕರ ಅಲ್ಲ ಮೇಸ್ತ್ರಿ. ನಮ್ಮವರಿಗೆ, ಜೋಬ್‌ಗೆ, ಕಣ್ಣು ಕಾಣೋದಿಲ್ಲ. ಸುಣ್ಣದ ಭಟ್ಟಿಯಲ್ಲಿ ದುಡಿದು ದುಡಿದು ಕಣ್ಣು ಸುಟ್ಟುಕೊಂಡರು. ಬರೋ ಭಾನುವಾರ ಈ ಕಲ್ಲಿನ ಮೇಲಿನ ಪರದೆ ಸರಿಸಿದ ಮೇಲೆ, ‘ನನ್ನನ್ನು ಹತ್ತಿರ ಕರೆದುಕೊಂಡು ಹೋಗು ಮರ್ಸಿ, ಊರ ಹುಡುಗರನ್ನೆಲ್ಲ ಒಂದು ಸಲ ಮುಟ್ಟಿ ನೋಡ್ತೀನಿ’ ಅಂತಾರೆ. ಮುಟ್ಟಿ ನೋಡ್ತಾರಂತೆ! ಅವರು ಓದು ಕಲಿತವರು, ಬೆರಳಲ್ಲೇ ಓದಿಬಿಡ್ತಾರೆ. ಟೆಡ್ಡನ ಮೇಲೆ ಬೆರಳಾಡಿಸ್ತಾರೆ, ಕ್ಯಾಪ್ಟನ್ನನ ಮೇಲೆ ಆಡಿಸ್ತಾರೆ, ಆಮೇಲೆ... ದಿನಾ ಸಂಜೆ ‘ಚಿಲಕ ಹಾಕಬೇಡ, ಹುಡುಗ ಬಂದಾನು’ ಅಂತ ಕೂಗಿ ಹೇಳೋ ಮನುಷ್ಯ. ಆ ಬೆರಳಿಗೆ ನಾನೇನು ಸಮಾಧಾನ ಹೇಳಲಿ?

ಏನು ನೋಡ್ತಿದ್ದೀರಿ ಆ ಕಡೆ? ಇಲ್ಲಿ ನೋಡಿ, ನನ್ನ ಕಡೆ. ಗೋಡೆಯಾಚೆ ಏನಿದೆ? ನಮ್ಮ ಹಿತ್ತಲು, ಅಷ್ಟೇ. ಜೇನುಗೂಡುಗಳು. ಒಣಹುಲ್ಲಿನವು, ರೂಬೆನ್ನೇ ಹೆಣೆದದ್ದು. ಚೆನ್ನಾಗಿವೆ ಅಲ್ಲವೇ... ಆ ಕರಿ ಬಟ್ಟೆಯೇ? ಅದು... ಹಕ್ಕಿ ಬರದ ಹಾಗೆ ಕಟ್ಟಿದ್ದು. ನನ್ನ ಹಳೇ ಲಂಗದ ಅಂಚು. ಹಕ್ಕಿ ಕಾಟ ಬಹಳ ಈ ವರ್ಷ.

ಯಾಕೆ ತಲೆ ಅಲ್ಲಾಡಿಸ್ತೀರಿ?

ಸರಿ, ಹಕ್ಕಿಗಲ್ಲ. ನನ್ನ ತಂಗಿಯ ಗಂಡ ತೀರಿಕೊಂಡರು. ಅವರಿಗಾಗಿ.

ಹೂಂ... ತಂಗಿ ಮನೆ ಸಾವನ್ನು ತಂಗಿ ಮನೆ ಜೇನಿಗೆ ಹೇಳ್ತಾರೆ, ನಮ್ಮ ಜೇನಿಗಲ್ಲ. ನಿಮಗೂ ಗೊತ್ತು. ಈ ಸೀಮೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಮನೆಯವರು ಸತ್ತರೆ ಜೇನಿಗೆ ಹೇಳಬೇಕು, ಗೂಡಿಗೆ ಕರಿ ಕಟ್ಟಬೇಕು. ಇಲ್ಲದಿದ್ದರೆ ಮುನಿಸಿಕೊಂಡು ಹಾರಿಹೋಗ್ತವೆ, ಇಲ್ಲಾ ಅಲ್ಲೇ ಉದುರಿ ಸಾಯ್ತವೆ...

ಏನಾದರೂ ಅನ್ನಿ ಮೇಸ್ತ್ರಿ! ಸುಳ್ಳಿ ಅಂತ ಬೈದುಬಿಡಿ! ಹೀಗೆ ಆ ಗೂಡುಗಳನ್ನೇ ನೋಡ್ತಾ ನಿಂತರೆ ನಾನೇನು ಮಾಡಲಿ...

ಗೊತ್ತು. ನನಗೆ ಗೊತ್ತು. ಸೇಬಿನ ಮರ ಹೂ ಬಿಟ್ಟಾಗ ಒಬ್ಬ ಹುಡುಗ ಬಂದಿದ್ದ, ಸೈಕಲ್ಲು ತಳ್ಳಿಕೊಂಡು. ಅಂಗಿಯ ಒಂದು ತೋಳು ಖಾಲಿ. ಫ್ರಾನ್ಸಿನಲ್ಲಿ ರೂಬೆನ್ನನ ಪಕ್ಕದಲ್ಲೇ ಇದ್ದನಂತೆ, ಕಣ್ಣಾರೆ ಕಂಡನಂತೆ. ‘ಬಹಳ ಹೊತ್ತು ನರಳಲಿಲ್ಲ ಅಮ್ಮಾ’ ಅಂದ. ಬೇಲಿಯ ಹತ್ತಿರವೇ ನಿಲ್ಲಿಸಿ ಮಾತಾಡಿಸಿದೆ. ಅಷ್ಟು ದೂರದಿಂದ ಬಂದವನಿಗೆ ಒಂದು ಲೋಟ ಚಹಾ ಕೊಡಲಿಲ್ಲ ನಾನು, ಒಳಗೆ ಕರೆದರೆ ಜೋಬ್‌ಗೆ ಕೇಳಿಸುತ್ತೆ ಅಂತ. ‘ಯಾರೇ ಅದು?’ ಅಂತ ಒಳಗಿಂದ ಕೂಗಿದರು. ‘ಸೂಜಿ ಮಾರೋನು’ ಅಂದೆ. ‘ಹಾಗಾದರೆ ಒಂದು ಕೊಂಡುಕೋ, ಹುಡುಗನ ಅಂಗಿಗೆ ಗುಂಡಿ ಹಾಕೋದಿದೆಯಲ್ಲ’ ಅಂದರು.

ರೂಬೆನ್ ಬದುಕಿದ್ದಾನೆ ಅನ್ನೋ ಸುಳ್ಳನ್ನು ಮನುಷ್ಯರಿಗೆಲ್ಲ ಹೇಳಿದೆ ಮೇಸ್ತ್ರಿ. ಜೇನಿಗೆ ಹೇಳೋಕಾಗಲಿಲ್ಲ. ಅವನು ಸಾಕಿದ ಜೇನು, ಅವೂ ಹೊರಟುಹೋದರೆ? ಬಾಗಿಲ ಬೀಗದಕೈ ಹಿಡಿದುಕೊಂಡು ಹೋಗಿ, ಒಂದೊಂದು ಗೂಡನ್ನೂ ಅದರಿಂದ ಮೆಲ್ಲಗೆ ತಟ್ಟಿ, ‘ನಿಮ್ಮ ಯಜಮಾನ ಇನ್ನಿಲ್ಲ, ನನ್ನನ್ನು ಬಿಟ್ಟು ಹೋಗಬೇಡಿ’ ಅಂದೆ. ಗಳಿಗೆ ಹೊತ್ತು ಉಸಿರೇ ಇಲ್ಲದ ಹಾಗಿದ್ದವು. ಆಮೇಲೆ ಗುಂಯ್ ಅಂದವು. ಹೋಗಲಿಲ್ಲ. ಕರಿ ಬಟ್ಟೆ ಜೋಬ್‌ಗೆ ಕಾಣೋದಿಲ್ಲವಲ್ಲ... ಅದೇ ಧೈರ್ಯ. ಎಂಥ ಹೆಂಡತಿ ನಾನು, ಗಂಡನ ಕುರುಡನ್ನು ಧೈರ್ಯ ಅಂದುಕೊಂಡವಳು!

ಉಳಿ ತಗೋತೀರಾ? ... ಇಲ್ಲ, ಇನ್ನು ತಡೆಯೋದಿಲ್ಲ. ಅಲ್ಲೆಲ್ಲೋ ಮಣ್ಣಿನಲ್ಲಿ ಅವನಿಗೆ ಒಂದು ಗೋರಿಯೂ ಇಲ್ಲ. ಇಲ್ಲೂ ಬೇಡ ಅಂದರೆ ನನ್ನ ಕೂಸು ಎಲ್ಲಿರಬೇಕು? ಕೆತ್ತಿ. ಬೆರಳಿಗೆ ಸರಿಯಾಗಿ ಸಿಗೋ ಹಾಗೆ ಕೆತ್ತಿ.

ಆದರೆ ಈಗಲೇ ಬೇಡಿ, ದಮ್ಮಯ್ಯ! ನಿಮ್ಮ ಸುತ್ತಿಗೆಯ ಸದ್ದು ನಮ್ಮ ಅಡಿಗೆಮನೆಗೆ ಕೇಳುತ್ತೆ. ಸದ್ದು ಶುರುವಾದಾಗಲೆಲ್ಲ ಅವರು ಟೋಪಿ ತೆಗೆದು, ‘ಯಾರ ಮನೆ ಹುಡುಗನೋ, ಪಾಪ’ ಅಂತಾರೆ. ಈ ಸಲ ಹಾಗನ್ನಬಾರದು. ಕಲ್ಲು ಹೇಳೋ ಮೊದಲು ನಾನು ಹೇಳಬೇಕು. ಹೋಗ್ತೀನಿ.

ಜೇನಿಗೆ ಹೇಗೆ ಹೇಳಬೇಕು ಅಂತ ನಮ್ಮಮ್ಮ ಕಲಿಸಿದ್ದಳು ಮೇಸ್ತ್ರಿ. ಗಂಡನಿಗೆ ಹೇಗೆ ಹೇಳಬೇಕು ಅಂತ... ಯಾರೂ ಕಲಿಸಲಿಲ್ಲ.