ಬುಟ್ಟಿಯ ಮೇಲಿನ ಹೆಸರು

ಮಚಾಕೋಸ್ ಪಟ್ಟಣದ ಹೆಂಗಸರ ಸಹಕಾರ ಸಂಘದ ಕಲಾ ಮಳಿಗೆಯಲ್ಲಿ ಪ್ರದರ್ಶನ ಇನ್ನೇನು ಶುರುವಾಗುವುದಿತ್ತು. ತನ್ನ ಕತ್ತಾಳೆ ನಾರಿನ ಬುಟ್ಟಿಗಳನ್ನು ಜೋಡಿಸುತ್ತಿದ್ದ ನ್ದಿಂಡಾಳ ಕಿವಿಗೆ ಪಕ್ಕದಲ್ಲಿದ್ದ ಅತ್ತೆ ಸೊಸೆಯರ ಮಾತು ಬಿತ್ತು. ಮುದುಕಿ ಸ್ಯೊಂಬುವಾ ಒಂದು ಬುಟ್ಟಿಯ ಮೇಲೆ ಬೆರಳಾಡಿಸುತ್ತಿದ್ದಳು.

“ಕವಾತಾ, ಇದು ನಾನು ಹೆಣೆದದ್ದಲ್ಲ.”

“ಮೆಲ್ಲಗೆ ಅತ್ತೆ! ನಿಮ್ಮ ಹೆಸರಿನ ಚೀಟಿ ಅಂಟಿಸಿದ್ದೀನಿ.”

“ಯಾರು ಹೇಳಿದ್ರೇ ನಿಂಗೆ?”

“ನೀವು ಹೆಣೆದದ್ದು ಅರ್ಧಕ್ಕೇ ಬಿಚ್ಚಿಹೋಯ್ತು. ಪ್ರದರ್ಶನಕ್ಕೆ ಏನೂ ಇಡದಿದ್ರೆ ಸಂಘದಲ್ಲಿ ನಿಮ್ಮ ಜಾಗ ಹೋಗುತ್ತೆ.”

“ಕಣ್ಣು ಕಾಣಲ್ಲ ಅಂತ ಬೆರಳಿಗೂ ಗೊತ್ತಾಗಲ್ವಾ? ಎಷ್ಟು ಬಿಗಿಯಾಗಿ ಹೆಣೆದಿದ್ದೀಯ! ಚೀಟಿ ಕೀಳು, ನಿನ್ನ ಹೆಸರು ಹಾಕು.”

“ಆಮೇಲೆ ನೀವು?”

“ಹೊರಗೆ ಕೂತು ಚಹಾ ಕುಡೀತೀನಿ. ಕೈ ಕೊಡು, ಮೆಟ್ಟಿಲು ಎಲ್ಲಿದೆ?”

ಅಲ್ಲಿಯವರೆಗೆ ಯಾರ ಬಳಿಯೂ ಕಣ್ಣಿನ ಮಾತೆತ್ತದಿದ್ದ ಸ್ಯೊಂಬುವಾ, ಎಲ್ಲರೆದುರೇ ಸೊಸೆಯ ಕೈ ಹಿಡಿದು ಹೊರನಡೆದಳು. ಕಿತ್ತ ಚೀಟಿ ಕವಾತಾಳ ಇನ್ನೊಂದು ಕೈಯಲ್ಲಿತ್ತು.