ಹೊಸ ಏಜೆನ್ಸಿ

ಸಂಜೆ ಜಯನಗರದ ಬಸ್ ನಿಲ್ದಾಣದಲ್ಲಿ ಅರೆಕೆರೆ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಇಬ್ಬರು ಹೆಂಗಸರು ನಿಂತಿದ್ದರು. ಇಬ್ಬರ ಮೈಮೇಲೂ ಕಚೇರಿಗಳಲ್ಲಿ ಹೌಸ್‌ಕೀಪಿಂಗ್‌ನವರು ತೊಡುವ ನೀಲಿ ಕೋಟಿತ್ತು. ಚಿಕ್ಕವಳು ಮಧುಮತಿ, ದೊಡ್ಡವಳು ಅವಳ ಚಿಕ್ಕಮ್ಮ ಯಲ್ಲವ್ವ ಎಂದು ಮಾತಿನಿಂದಲೇ ತಿಳಿಯಿತು.

"ಚಿಗವ್ವ, ನಾಳಿಂದ ನೀ ಕೆಲಸಕ್ಕ ಬರೂದು ಬ್ಯಾಡಂತ," ಎಂದಳು ಮಧುಮತಿ.

"ಯಾರಂದ್ರು?"

"ಹೊಸ ಏಜೆನ್ಸಿಯವ್ರು. ಐವತ್ತು ದಾಟಿದವ್ರನ್ನ ಇಟ್ಕೊಳ್ಳಂಗಿಲ್ಲಂತ."

"ಆಫೀಸ್ ಮೇಡಂಗ ಹೇಳ್ತೀನಿ. ಅವ್ರಿಗೆ ನನ್ನ ಗುರ್ತು ಐತಿ."

"ನಾನಾ ಹೇಳೀನಿ. 'ಅದೆಲ್ಲ ಏಜೆನ್ಸಿಗೆ ಬಿಟ್ಟಿದ್ದಮ್ಮ, ನಮ್ಮ ಕೈಲಿಲ್ಲ' ಅಂದ್ಬಿಟ್ರು."

"ಮತ್ತ ಸೂಪರ್‌ವೈಸರ್ ಬಂದು ಹೇಳಬೇಕಿತ್ತಲ್ಲ? ನಿನ್ನ ಯಾಕ ಕಳಿಸಿದ?"

ಮಧುಮತಿ ರಸ್ತೆಯ ಕಡೆ ನೋಡಿದಳು. "ಈಗ ನಾನಾ ಸೂಪರ್‌ವೈಸರ್. ಇವತ್ತ ಮಾಡ್ಯಾರ."

ಯಲ್ಲವ್ವ ಅವಳತ್ತ ತಿರುಗಿದಳು.

"ಊರಿಂದ ಬಂದಾಗ ನಿನ್ನ ಅಲ್ಲಿಗೆ ಕರ್ಕೊಂಡು ಹೋಗಿ ಕೆಲಸಕ್ಕ ಹಚ್ಚಿದಾಕಿ ನಾನು."

"ನೆನಪೈತಿ ಚಿಗವ್ವ. ನಾ ಒಲ್ಲೆ ಅಂದಿದ್ರ ನನ್ನೂ ತೆಗೀತಿದ್ರು."

"ಒಮ್ಮೆರ ಒಲ್ಲೆ ಅಂದಿಯೇನು?"

"ಕೋಟು ಒಗದು ವಾಪಸ್ ಕೊಡಬೇಕಂತ," ಎಂದಳು ಮಧುಮತಿ ಮೆಲ್ಲಗೆ.

ಯಲ್ಲವ್ವ ನಿಂತಲ್ಲೇ ಕೋಟು ಬಿಚ್ಚಿ ಅವಳ ಕೈಗಿಟ್ಟಳು. "ತಗೋ. ನೀನಾ ಒಗದು ಕೊಡು."

ಅಷ್ಟರಲ್ಲಿ ಬಸ್ಸು ಬಂತು. ಇಬ್ಬರೂ ಒಂದೇ ಮನೆಗೆ ಹೋಗುವವರು. ಯಲ್ಲವ್ವ ಮೊದಲು ಹತ್ತಿದಳು. ಹಿಂದೆಯೇ ಮಧುಮತಿ ಮೆಟ್ಟಿಲಿಗೆ ಕಾಲಿಟ್ಟಾಗ ಯಲ್ಲವ್ವ ಬಾಗಿಲಲ್ಲೇ ತಿರುಗಿ ನಿಂತಳು.

"ನೀ ಮುಂದಿನ ಬಸ್ಸಿಗೆ ಬಾ."

ಮಧುಮತಿ ಕಾಲು ಹಿಂದಕ್ಕೆ ತೆಗೆದಳು.