ಎರಡು ಸಲ ಎಣಿಸಿದ ಗಿಳಿಗಳು

ಬಸ್ಸಿನ ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರ ಮುಂದೆಯೇ ಅಕ್ಕನೊಬ್ಬಳು, ಅರಣ್ಯ ಕಚೇರಿಗೆ ಹಕ್ಕಿ ಎಣಿಸಿಕೊಡುವ ತನ್ನ ತಮ್ಮನನ್ನು ತರಾಟೆಗೆ ತೆಗೆದುಕೊಂಡಿದ್ದಳು.

“ಬೆಳಿಗ್ಗೆ ತೋಪಲ್ಲಿ ನಲವತ್ತು, ಸಂಜೆ ಹೊಳೇಲಿ ನಲವತ್ತು. ಕೂಡಿಸಿ ಎಂಬತ್ತು ಕೆಂಪುಬಾಲದ ಗಿಳಿ ಅಂತ ಬರೆದ್ಯಲ್ಲೋ! ಅವೇ ಕಣೋ ನೀರಿಗೆ ಬರೋದು!”

“ಗೊತ್ತಾಗ್ಲಿಲ್ಲ ಅಕ್ಕ. ಸಾಹೇಬ್ರು ಭೇಷ್ ಅಂದ್ರು.”

“ಅನ್ನದೆ ಏನು! ಅಳಿವಿನಂಚಿನ ಪಟ್ಟಿಯಿಂದ ಗಿಳಿ ಹೆಸರು ತೆಗೆದ್ರು, ನಾಳೆ ತೋಪಿಗೆ ಗರಗಸ ಬರುತ್ತೆ.”

“ಈಗ ತಪ್ಪೊಪ್ಪಿಕೊಂಡ್ರೆ ಕೆಲಸ ಹೋಗುತ್ತೆ.”

“ನಿನಗೆ ಇನ್ನೊಂದು ಕೆಲಸ ಸಿಗುತ್ತೆ. ಅವಕ್ಕೆ ಇನ್ನೊಂದು ತೋಪಿದ್ಯೇನೋ?”

ಬಯ್ಯುತ್ತಲೇ ಅವಳು ಮಳೆಗೆ ಹಿಡಿದಿದ್ದ ತನ್ನ ಕೊಡೆಯನ್ನು ಅವನ ತಲೆಯ ಮೇಲಕ್ಕೆ ಸರಿಸಿದ್ದನ್ನು ಅಜ್ಜಿ ಕಂಡರು.

ಮನೆ ಕಡೆಯ ಬಸ್ಸು ಬಂತು. ತಮ್ಮ ಹತ್ತಲಿಲ್ಲ.

“ಕಚೇರಿಗೆ ನೀನೂ ಬರ್ತೀಯಾ?”

“ಬರದೆ? ಒಬ್ಬನೇ ಹೋಗಿ ಇಬ್ರು ಅಂತ ಎಣಿಸ್ಕೊಳ್ಳೋನು ನೀನು!”

ಇಬ್ಬರೂ ಸಾಲು ಬಿಟ್ಟು ಒಂದೇ ಕೊಡೆಯಲ್ಲಿ ರಸ್ತೆ ದಾಟಿದರು.